ಮೂರು ಸಾಲಿನವರು

ಮೂರು ಸಾಲಿನವರು ಮಂಗಳವಾರ ಮಧ್ಯಾಹ್ನ ಪತ್ರಿಕೆಯ ಕಚೇರಿಯಲ್ಲಿ, ಕುರ್ಚಿಯಲ್ಲಿ ಕೂತಿದ್ದ ಹಾಗೆಯೇ ತೀರಿಕೊಂಡರು. ಹೃದಯ ನಿಂತಿತ್ತು ಎಂದು ವೈದ್ಯರು ಹೇಳಿದರು. ಎದುರು ಮೇಜಿನಲ್ಲಿ ಕರಡು ತಿದ್ದುತ್ತಿದ್ದ, ಕಚೇರಿಯವರೆಲ್ಲ ಅಕ್ಕ ಎಂದು ಕರೆಯುವ ಹೆಂಗಸಿಗೆ ಗೊತ್ತಾಗಲಿಲ್ಲ. ಆ ಕೋಣೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ.

ಅಷ್ಟು ಜನ ಇದ್ದೂ ಹೇಗೆ ಗೊತ್ತಾಗಲಿಲ್ಲ ಎಂದು ಆಮೇಲೆ ಊರೆಲ್ಲ ಕೇಳಿತು. ಅದು ತಿಳಿಯಬೇಕಾದರೆ ಅವರು ಕೆಲಸ ಮಾಡುತ್ತಿದ್ದ ರೀತಿ ತಿಳಿದಿರಬೇಕು.

ಟೀವಿಯಲ್ಲಿ ಮರುದಿನ ಬರುವ ಸಿನಿಮಾಗಳನ್ನು ಪತ್ರಿಕೆಯ ಒಳಪುಟದಲ್ಲಿ ಪರಿಚಯಿಸುವುದು ಅವರ ಕೆಲಸ. ಒಂದು ಸಿನಿಮಾಕ್ಕೆ ಮೂರೇ ಸಾಲು ಜಾಗ, ಮೂರು ಸಾಲಿನವರು ಎಂಬ ಹೆಸರು ಬಂದದ್ದೂ ಅದರಿಂದಲೇ. ಕೋಣೆಯ ಮೂಲೆಯಲ್ಲಿ ಒಂದು ಸಣ್ಣ ಟೀವಿ, ಪಕ್ಕದಲ್ಲಿ ಡಿಸ್ಕುಗಳು ತುಂಬಿದ ಕಬ್ಬಿಣದ ಬೀರು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಸಿನಿಮಾ ನೋಡುತ್ತಿದ್ದರು. ಮುಗಿದ ಮೇಲೆ ಹೆಡ್‌ಫೋನ್ ತೆಗೆಯದೆ, ಕುರ್ಚಿಗೆ ಒರಗಿ ಕಣ್ಣು ಮುಚ್ಚಿ ಕೂರುತ್ತಿದ್ದರು. ನೋಡಿದ್ದೆಲ್ಲ ಕರಗಿಹೋಗಿ ಒಂದೇ ಒಂದು ಚಿತ್ರ ಉಳಿಯುವವರೆಗೆ ಕಾಯುವುದು, ಉಳಿದದ್ದನ್ನು ಬರೆಯುವುದು. ನಡುವೆ ಯಾರಾದರೂ ಮಾತಾಡಿಸಿದರೆ ಕೋಪವೇನೂ ಮಾಡುತ್ತಿರಲಿಲ್ಲ. ಪಾಪ, ಆ ಸಿನಿಮಾವನ್ನು ಮೊದಲಿನಿಂದ ಮತ್ತೆ ನೋಡುತ್ತಿದ್ದರು, ಅಷ್ಟೇ. ಪುಟ ತಡವಾಗುತ್ತಿತ್ತು. ಹಾಗಾಗಿ ಅವರು ಕಣ್ಣು ಮುಚ್ಚಿದರೆ ಕೋಣೆಗೆ ಕೋಣೆಯೇ ಪಿಸುಮಾತಿಗೆ ಇಳಿಯುತ್ತಿತ್ತು.

ದೆವ್ವದ ಸಿನಿಮಾ ಒಂದಕ್ಕೆ ಅವರು ಬರೆದದ್ದು: "ಬಾಡಿಗೆ ಕಡಿಮೆ ಎಂದು ಖುಷಿಪಟ್ಟು ಮನೆ ಹಿಡಿದವರಿಗೆ ಯಾಕೆ ಕಡಿಮೆ ಎಂದು ನಿಧಾನವಾಗಿ ತಿಳಿಯುತ್ತದೆ. ಮೆಟ್ಟಿಲ ಸದ್ದು ಚೆನ್ನಾಗಿದೆ. ಕಿವಿ ಮುಚ್ಚಿಕೊಂಡು ನೋಡುವವರಿಗೆ ನಷ್ಟ." ಯುದ್ಧದ ಸಿನಿಮಾಕ್ಕೆ: "ಎರಡು ಸೈನ್ಯಗಳ ನಡುವೆ ಒಂದು ಬಾವಿ. ಇಬ್ಬರಿಗೂ ಬಾಯಾರಿಕೆ. ಹಗ್ಗ ಒಬ್ಬರ ಬಳಿ, ಬಕೆಟ್ಟು ಇನ್ನೊಬ್ಬರ ಬಳಿ." ಪ್ರೇಮಕಥೆಗೆ: "ಒಂದೇ ಬಸ್ಸಿನಲ್ಲಿ ಓಡಾಡುವ ಇಬ್ಬರು ಮಾತಾಡಿಕೊಂಡವರಲ್ಲ. ಒಂದು ದಿನ ಬಸ್ಸು ಕೆಡುತ್ತದೆ. ಹಾಡುಗಳು ಜಾಸ್ತಿಯಾದವು." ಗಗನನೌಕೆಯ ಕಥೆಗೆ: "ಮೂವರಿದ್ದಾರೆ, ಗಾಳಿ ಇರುವುದು ಇಬ್ಬರಿಗೆ. ಮೂವರೂ ಸಭ್ಯರು. ಬಿಕ್ಕಟ್ಟು ಇರುವುದೇ ಅಲ್ಲಿ." ನಗೆಚಿತ್ರಕ್ಕೆ: "ತಪ್ಪು ಮನೆಗೆ ನೆಂಟನಾಗಿ ಹೋದ ಮಾವ ಉಂಡು, ಜಗಳ ಬಿಡಿಸಿ, ಅಲ್ಲೇ ಮಲಗುತ್ತಾನೆ. ಮನೆಯವರಿಗೂ ಅವನನ್ನು ಕಳಿಸಲು ಮನಸ್ಸಿಲ್ಲ."

ಅದ್ಭುತ, ಮನೋಜ್ಞ ಇಂಥ ಪದ ಹತ್ತಿರ ಸೇರಿಸುತ್ತಿರಲಿಲ್ಲ. ಕಥೆಯ ಕೊನೆಯನ್ನು ಯಾರಿಗೂ ಹೇಳುತ್ತಿರಲಿಲ್ಲ, ಸಂಪಾದಕರಿಗೂ. ಬರವಣಿಗೆಯಲ್ಲಿ ಇಷ್ಟು ಬಿಗಿಯಾದ ಮನುಷ್ಯ ಬಾಯಿ ಬಿಟ್ಟರೆ ಮುಗೀತು. ತರಕಾರಿ ತಂದ ಕಥೆಯನ್ನು ಅಂಗಡಿಯವನ ಅಜ್ಜನಿಂದ ಶುರುಮಾಡುತ್ತಿದ್ದರು. "ಬರೆಯೋದು ಮೂರು ಸಾಲು, ಮಾತು ಮೂರು ಪುಟ" ಎಂದು ಅವರ ಹೆಂಡತಿಯೇ ಆಡಿಕೊಳ್ಳುತ್ತಿದ್ದರು.

ಆ ಮಂಗಳವಾರ ಊಟವಾದ ಮೇಲೆ ಹೆಡ್‌ಫೋನ್ ಹಾಕಿಕೊಂಡು ಕೂತರು. ಸಿನಿಮಾ ಮುಗಿಯುತ್ತ ಬಂದಾಗ, ಕಣ್ಣು ಮುಚ್ಚಿ ಒರಗಿದ್ದವರ ಮುಂದೆ ಚಹಾದವನು ಬಂದು "ಸಾರ್" ಎಂದ. ಅಕ್ಕ ತುಟಿಯ ಮೇಲೆ ಬೆರಳಿಟ್ಟು "ಶ್! ಸಾಲು ಬರ್ತಾ ಇದೆ ಕಣೋ" ಎಂದಳು. ಅವನು ಲೋಟವನ್ನು ಸದ್ದಾಗದಂತೆ ಇಟ್ಟು, ತಟ್ಟೆ ಮುಚ್ಚಿ ಹೋದ. ಪುಟ ಕೇಳಲು ಬಂದ ಸಂಪಾದಕರು ಬಾಗಿಲಲ್ಲೇ ನಿಂತು ನೋಡಿ, ಕಳ್ಳನ ಹಾಗೆ ಹಿಂದಕ್ಕೆ ಹೆಜ್ಜೆಯಿಟ್ಟರು. ಪರದೆಯ ಮೇಲೆ ಹೆಸರುಗಳು ಓಡಿ ಮುಗಿದವು. ನೀಲಿ ಬಣ್ಣ ಬಂತು. ಚಹಾ ಕೆನೆಗಟ್ಟಿತು.

ಕೊನೆಗೆ ಅಕ್ಕನಿಗೇ ತಡೆಯಲಾಗಲಿಲ್ಲ. ಕಾಗದದ ಉಂಡೆ ಮಾಡಿ ಎಸೆದಳು.

"ಏನಪ್ಪಾ, ಸಿನಿಮಾ ಚೆನ್ನಾಗಿದೆಯೋ, ನಿದ್ದೆ ಚೆನ್ನಾಗಿದೆಯೋ?"

ಉಂಡೆ ಎದೆಗೆ ತಗುಲಿ ತೊಡೆಯ ಮೇಲೆ ಬಿತ್ತು. ಆಚೆ ಕೂತವರು ನಕ್ಕರು. ಅಕ್ಕನೂ ನಗುತ್ತಲೇ ಎದ್ದು ಹೋಗಿ ಹೆಡ್‌ಫೋನ್ ಎತ್ತಿದಳು. ಕಿವಿ ತಣ್ಣಗಿತ್ತು.

ಆಮೇಲಿನದು ಅವಳಿಗೆ ಸರಿಯಾಗಿ ನೆನಪಿಲ್ಲ. ಯಾರೋ ಕೂಗಿದರು, ಅದು ತಾನೇ ಎಂದು ಆಮೇಲೆ ತಿಳಿಯಿತು. ಈಗಲೂ ಕೈ ತುಟಿಯ ಹತ್ತಿರ ಹೋದರೆ ಬೆಚ್ಚಿಬೀಳುತ್ತಾಳೆ. ಸತ್ತವರ ಮುಂದೆ ಚಹಾದವನನ್ನು ಗದರಿಸಿದೆ, ಸತ್ತವರಿಗೆ ಕಾಗದ ಎಸೆದೆ. ಇದನ್ನು ಎಷ್ಟು ಸಲ ಅಂದುಕೊಂಡರೂ ಮನಸ್ಸು ಒಳಗೆ ಬಿಟ್ಟುಕೊಳ್ಳುತ್ತಿಲ್ಲ.

ಒಂದು ವಾರ ಕಳೆದು ಅವರ ಮನೆಗೆ ಹೋದಳು. ಎರಡು ಕೋಣೆಯ ಮನೆ. ನೆಂಟರು ಹೊರಟುಹೋಗಿದ್ದರು. ಕಚೇರಿಯಿಂದ ತಲುಪಿಸಿದ್ದ ಅವರ ಚೀಲ ಬಾಗಿಲ ಮೊಳೆಗೆ ನೇತಾಡುತ್ತಿತ್ತು, ಯಾರೂ ಮುಟ್ಟಿದ ಹಾಗಿರಲಿಲ್ಲ. ಹೆಂಡತಿ ನೀರು ತಂದುಕೊಟ್ಟು, ನೆಲದ ಮೇಲೆ ಎದುರಿಗೇ ಕೂತರು.

"ಅಕ್ಕಾ, ಒಂದು ಕೇಳ್ತೀನಿ. ಸುಳ್ಳು ಹೇಳಬೇಡಿ. ಅವತ್ತು ನನ್ನ ಬಗ್ಗೆ ಏನಾದ್ರೂ ಅಂದ್ರಾ?"

"ಯಾಕಮ್ಮಾ?"

"ಹಿಂದಿನ ರಾತ್ರಿ ಟೀವೀಲಿ ಕೋರ್ಟಿನ ಸಿನಿಮಾ ನೋಡ್ತಿದ್ದೆ. ಜಡ್ಜು ತೀರ್ಪಿನ ಹಾಳೆ ಬಿಚ್ಚಿದ, ಕರೆಂಟು ಹೋಯ್ತು. ಕೊನೆಗೆ ಏನಾಯ್ತು ಹೇಳ್ರೀ ಅಂದೆ. ಹೇಳಲ್ಲ ಅಂದ್ರು. ಕಟ್ಟಿಕೊಂಡ ಹೆಂಡತಿಗೂ ಹೇಳಲ್ವಾ ಅಂದೆ. ಯಾರಿಗೂ ಹೇಳಲ್ಲ ಅಂದ್ರು. ಬೆಳಗ್ಗೆ ಎದ್ದೋಳು ಮತ್ತೆ ಅದನ್ನೇ ಎತ್ತಿದೆ. ಮಾತಿಗೆ ಮಾತು ಬೆಳೀತು. ನಿಮ್ಮ ಜೊತೆ ಬಾಳೋದೂ ಒಂದೇ, ಗೋಡೆ ಜೊತೆ ಬಾಳೋದೂ ಒಂದೇ ಅಂದುಬಿಟ್ಟೆ." ಸೆರಗನ್ನು ಬೆರಳಿಗೆ ಸುತ್ತಿಕೊಂಡರು. "ಬರ್ತೀನಿ ಅಂತ ಹೇಳದೆ ಹೋದ್ರು ಅಕ್ಕಾ. ಮದುವೆಯಾದಾಗಿಂದ ಒಂದು ದಿನ ಹಾಗೆ ಹೋದೋರಲ್ಲ. ಸಿಟ್ಟು ಇಟ್ಟುಕೊಂಡೇ ಹೋಗಿಬಿಟ್ರಾ?"

ಅಕ್ಕನ ಗಂಟಲಿಗೆ ಒಂದು ವಾಕ್ಯ ಬಂದು ನಿಂತಿತು: ಪಾಪ ಸುಮ್ಮನೆ ಬೈದೆ ಅಂತ ಪೇಚಾಡಿದ್ರಮ್ಮ. ಹೇಳಿಬಿಟ್ಟರೆ ಈ ಹೆಂಗಸು ಇವತ್ತು ನಿದ್ದೆ ಮಾಡುತ್ತಾಳೆ. ಯಾರಿಗೆ ಏನು ನಷ್ಟ? ಆದರೆ ಆಕೆ ಅಕ್ಕನ ಮುಖವನ್ನೇ ನೋಡುತ್ತಿದ್ದರು.

"ಇಲ್ಲಮ್ಮ. ಜಗಳದ ಮಾತೇ ಎತ್ತಲಿಲ್ಲ."

ಹೆಂಡತಿ ತಲೆ ತಗ್ಗಿಸಿದರು. "ಊಟ ಆದ ಮೇಲೆ ಏನು ಮಾಡಿದ್ರು? ಅದನ್ನಾದ್ರೂ ಹೇಳಿ" ಎಂದರು.

ಅಕ್ಕ ನೆನೆಸಿಕೊಂಡಳು. ನೆನೆಸಿಕೊಳ್ಳುತ್ತ ಹೋದ ಹಾಗೆ ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟಳು. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

ಊಟವಾದ ಮೇಲೆ ಅವರು ಬೀರುವಿನ ಮುಂದೆ ಮಂಡಿಯೂರಿ ಕೂತು, ಕೆಳಗಿನ ಅರೆಯ ಹಳೇ ಡಿಸ್ಕುಗಳನ್ನೆಲ್ಲ ಹೊರಗೆ ಹರವಿಕೊಂಡಿದ್ದರು. ಧೂಳಿಗೆ ಸೀನಿದ್ದೇ ಸೀನಿದ್ದು. "ಏನು ನಿಧಿ ಹುಡುಕ್ತಿದೀರಿ?" ಎಂದು ಅಕ್ಕ ರೇಗಿಸಿದ್ದಳು. ಕೊನೆಗೆ ಒಂದು ಸಿಕ್ಕಿತು. ಡಬ್ಬಿಯ ಮೇಲೆ ಕಪ್ಪು ಕೋಟಿನ ಮನುಷ್ಯನೊಬ್ಬ ಹಾಳೆ ಹಿಡಿದು ನಿಂತಿದ್ದ.

"ಆಫೀಸಿನ ಡಿಸ್ಕು ಹೊರಗೆ ಒಯ್ಯೋ ಹಾಗಿಲ್ಲ ಕಣಪ್ಪಾ, ಗೊತ್ತಲ್ಲ" ಎಂದಿದ್ದಳು ಅಕ್ಕ.

"ಮನೇಲಿ ಬೇಕಾಗಿದೆ ಅಕ್ಕಾವ್ರೇ. ಯಾರಾದ್ರೂ ಕೇಳಿದ್ರೆ ನಿಮ್ಮ ಹೆಸರು ಹೇಳ್ತೀನಿ."

ಅಷ್ಟು ಹೇಳಿ ಅದರ ಧೂಳನ್ನು ಅಂಗಿಯ ತುದಿಯಿಂದ ಒರೆಸಿದರು, ಚೀಲದೊಳಗೆ ಬಾಗದಂತೆ ನೆಟ್ಟಗೆ ನಿಲ್ಲಿಸಿದರು, ಜಿಪ್ ಎಳೆದರು.