ವಾಪಸಕ್ಕನ ಪಟ್ಟಿ

ಪ್ರತಿವರ್ಷ ಗಡಿ ದಾಟಿ ಬರುವ ನಾಟಕ ತಂಡದವರು ಸುಂಕದ ಕಚೇರಿಯ ಅಧಿಕಾರಿಣಿಗೆ ಇಟ್ಟ ಹೆಸರು ವಾಪಸಕ್ಕ. ಕೆಲವು ದಿನದ ಮಟ್ಟಿಗೆ ದೇಶದೊಳಗೆ ಬರುವ ಕಸುಬಿನ ಸಾಮಾನಿಗೆ ಸುಂಕವಿಲ್ಲ, ಆದರೆ ಪಟ್ಟಿಯಲ್ಲಿ ಬರೆಸಿದ್ದಷ್ಟೂ ಹೊರಗೆ ಹೋಗಬೇಕು, ಹಾಗಾಗಿ ನಮಸ್ಕಾರಕ್ಕೂ ಮೊದಲು ಆಕೆ ಕೇಳುವುದು "ವಾಪಸ್ ಯಾವಾಗ?" ಎಂದು. ಕಿರೀಟ ಎಣಿಸುತ್ತಾಳೆ, ಗಡ್ಡ ಎಣಿಸುತ್ತಾಳೆ, ರಾಜನ ಮೀಸೆ ಒಂದೋ ಎರಡೋ ಎಂದು ತಕರಾರು ತೆಗೆಯುತ್ತಾಳೆ. "ಪಟ್ಟೀಲಿ ಕತ್ತಿ ಆರು, ಇಲ್ಲಿ ಐದೇ ಇವೆ. ಒಂದು ನುಂಗಿದ್ರಾ?" ಕನ್ನಡಕ ಮೂಗಿನ ತುದಿಗೆ ಜಾರಿತೆಂದರೆ ತಂಡದ ಯಜಮಾನನ ಜೀವ ಬಾಯಿಗೆ ಬರುತ್ತದೆ, ಪೆಟ್ಟಿಗೆಗಳ ಹಿಂದೆ ನಿಂತ ಅವನ ಹೆಂಡತಿಗೆ ಮಾತ್ರ ಒಳಗೊಳಗೇ ನಗು. ಈ ಸಲ ವಾಪಸಕ್ಕನ ಕಣ್ಣು ಆ ಹೆಂಡತಿಯ ಕೈಯಲ್ಲಿದ್ದ ಹೊಲಿಗೆ ಯಂತ್ರದ ಮೇಲೆ ಬಿತ್ತು. "ಇದ್ಯಾಕೆ ಪಟ್ಟೀಲಿಲ್ಲ?" "ಬಿಡಿ ಮೇಡಂ, ನಮ್ಮನೆಯವಳದು. ಮನೆ ಸಾಮಾನು," ಎಂದ ಯಜಮಾನ. "ಇಷ್ಟೂ ವೇಷ ಹೊಲಿದೋರು ಯಾರು?" "ಇವಳೇ." "ಮತ್ತೆ ಮನೆ ಸಾಮಾನು ಹೇಗ್ರೀ ಆಗುತ್ತೆ? ಬರೆಸದೆ ಒಳಗೆ ತಂದ್ರೆ ಹೋಗೋವಾಗ ಇಲ್ಲೇ ಹಿಡಿದಿಡ್ತಾರೆ." ಹೆಂಡತಿ ಯಂತ್ರವನ್ನು ಎದೆಗವಚಿಕೊಂಡಳು, ಅದಿಲ್ಲದಿದ್ದರೆ ಅವಳಿಗೆ ಕೈ ಕತ್ತರಿಸಿದಂತೆಯೇ. ವಾಪಸಕ್ಕ ಪಟ್ಟಿ ಎಳೆದುಕೊಂಡು ಕೊನೆಯಲ್ಲಿ ತಾನೇ ಬರೆದಳು: ವೃತ್ತಿ ಉಪಕರಣ, ಹೊಲಿಗೆ ಯಂತ್ರ, ಒಂದು. "ಯಾರ ಹೆಸರಿಗೆ?" ಯಜಮಾನ ಬಾಯಿ ತೆರೆದ. "ನಿಮ್ಮನ್ನ ಕೇಳಲಿಲ್ಲ. ನೀವು ಹೇಳಮ್ಮ." ಹದಿನೆಂಟು ವರ್ಷದಿಂದ ತಂಡಕ್ಕೆ ಹೊಲಿದವಳು ತನ್ನ ಹೆಸರು ಹೇಳಿದಳು, ವಾಪಸಕ್ಕ ಅದನ್ನು ದುಂಡಗೆ ಬರೆದು ಮೊಹರು ಒತ್ತಿದಳು. ಕೈಮುಗಿಯೋಣವೆಂದರೆ ಎರಡೂ ಕೈಯಲ್ಲಿ ಯಂತ್ರವಿತ್ತು. ಅವಳು ಅದರ ಸಮೇತ ಬಾಗಿದಳು.