ಅಕ್ಕನ ಕೋಣೆಯ ಹಳೆಯ ಮೋಡೆಮ್

ಮೊನ್ನೆ ಇಂಟರ್‌ನೆಟ್ ತಂತಿ ಸರಿಪಡಿಸಲು ಬಂದವನು ನಮ್ಮ ಮನೆಯ ಹಿಂದಿನ ಕೋಣೆಯ ಗೂಡಿನಲ್ಲಿದ್ದ ಹಳೆಯ ಮೋಡೆಮನ್ನು ಕಂಡು ನಕ್ಕ. "ಇದನ್ಯಾಕ ಇನ್ನೂ ಇಟ್ಕೊಂಡೀರಿ ಸರ? ಹೊಸಾ ರೌಟರ್ ಹಾಲ್‌ನಾಗ ಐತೆಲ್ಲ?" ಅವನು ಅದನ್ನು ಎತ್ತಿದಾಗ ಕಾದ ಪ್ಲಾಸ್ಟಿಕ್ಕೂ ಧೂಳೂ ಬೆರೆತ ವಾಸನೆ ಬಂತು. "ಏ ತಮ್ಮಾ, ಹಗೂರಕ ಇಡು!" ಎಂದೆ. ನನ್ನ ದನಿ ಜೋರಾಯಿತೆಂದು ಅವನ ಮುಖ ನೋಡಿದ ಮೇಲೇ ಗೊತ್ತಾಯಿತು. ಅವನಿಗೆ ಹೇಳದೆ ಉಳಿಸಿಕೊಂಡದ್ದನ್ನು ನಿಮಗೆ ಹೇಳುತ್ತೇನೆ.

ನಮ್ಮದು ಕೊಪ್ಪಳದ ಹಳೆಯ ಕಲ್ಲಿನ ಮನೆ. ಬೇಸಿಗೆಯಲ್ಲಿ ಒಳಗೆ ಕಾಲಿಟ್ಟರೆ ತಂಪು. ಅಷ್ಟರಮಟ್ಟಿಗೆ ಗೋಡೆ ಕಟ್ಟಿಸಿದ ಅಜ್ಜನಿಗೆ ನಾವೆಲ್ಲ ಋಣಿಗಳು. ಆದರೆ ಅಜ್ಜ ವೈಫೈ ಬಗ್ಗೆ ಯೋಚಿಸಿರಲಿಲ್ಲ. ಫೋನ್ ತಂತಿಯ ಕಾಲದ ವೈಫೈ ಮೋಡೆಮ್ ಅಟ್ಟಕ್ಕೆ ಹೋಗಿ ಹೊಸ ರೌಟರ್ ಬಂದಾಗಲೂ ಸಿಗ್ನಲ್ ಹಾಲಿನ ಗೋಡೆ ದಾಟಲಿಲ್ಲ. ಹಿಂದಿನ ಕೋಣೆಯಲ್ಲಿ ಮೊಬೈಲಿನ ನೆಟ್ಟೂ ಅಷ್ಟಕ್ಕಷ್ಟೆ.

ಆ ಕೋಣೆ ನಮ್ಮ ಅಕ್ಕ ಸವಿತಾಳದು. ಅವಳಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ವಸತಿ ಶಾಲೆಯಲ್ಲಿ ಸನ್ನೆಭಾಷೆ ಕಲಿತು, ಕಂಪ್ಯೂಟರ್ ಕಲಿತು, ಬಸ್‌ಸ್ಟ್ಯಾಂಡ್ ಹತ್ತಿರದ ಡಿಟಿಪಿ ಅಂಗಡಿಯಲ್ಲಿ ಊರವರ ಲಗ್ನಪತ್ರಿಕೆಗಳನ್ನೆಲ್ಲ ಟೈಪು ಮಾಡುತ್ತಿದ್ದಳು. ಊರವರು ಮಾತ್ರ ಅವಳನ್ನು "ಮಾತು ಬರದ ಹುಡುಗಿ" ಎನ್ನುತ್ತಿದ್ದರು. ಮನೆಯಲ್ಲಿ ನಾವು ನಾವೇ ಕಟ್ಟಿಕೊಂಡ ಕೈಸನ್ನೆಗಳಲ್ಲಿ ಕಾಲ ತಳ್ಳುತ್ತಿದ್ದೆವು. ಅವಳ ಶಾಲೆಯ ಭಾಷೆ ಅಲ್ಪಸ್ವಲ್ಪ ತಿಳಿಯುತ್ತಿದ್ದದ್ದು ನನಗೆ. ಹಾಗಾಗಿ ನಾನು ಮನೆಯ ದುಭಾಷಿ. ಸಂಬಳವಿಲ್ಲದಿದ್ದರೂ ಬಿಂಕಕ್ಕೆ ಕೊರತೆ ಇಲ್ಲದ ಹುದ್ದೆ.

ಅವಳಿಗೆ ಗಂಗಾವತಿಯಿಂದ ಒಂದು ಸಂಬಂಧ ಬಂತು. ಹುಡುಗನಿಗೂ ಕಿವಿ ಕೇಳದು, ಅಕ್ಕಿ ಗಿರಣಿಯ ಆಫೀಸಿನಲ್ಲಿ ಕೆಲಸ. ಹಿರಿಯರಿಗೆಲ್ಲ ಒಪ್ಪಿಗೆ. ಇಬ್ಬರೂ ಸಂಜೆ ವಿಡಿಯೊದಲ್ಲಿ ಮಾತಾಡಲಿ ಎಂದಾಯಿತು. ಎಲ್ಲಿ? ಹಾಲಿನಲ್ಲಿ, ರೌಟರಿನ ಕೆಳಗೆ. ಸುತ್ತ ಅಪ್ಪ, ಅಮ್ಮ, ನಾನು, ಮತ್ತು ಇದಕ್ಕಾಗಿಯೇ ಯಲಬುರ್ಗಾದಿಂದ ಬಂದು ಕೂತಿದ್ದ ಸೋದರತ್ತೆ.

ನೀವು, ನಾನು ಆದರೆ ಪಿಸುಗುಡಬಹುದು. ಕೈಮಾತನ್ನು ಪಿಸುಗುಡುವುದು ಹೇಗೆ? ಕಣ್ಣಿದ್ದವರಿಗೆಲ್ಲ ಅದು ಕೇಳಿಸುತ್ತದೆ. ನಮಗೆ ಅರ್ಧ ತಿಳಿಯುತ್ತಿತ್ತು. ಉಳಿದರ್ಧವನ್ನು ಅತ್ತೆ ಧಾರಾಳವಾಗಿ ತುಂಬುತ್ತಿದ್ದರು. "ನೋಡ್ರಿ, ಸೀರಿ ಬಣ್ಣಾ ಕೇಳಾಕತ್ತಾನ!" ಎಂದರು ಒಮ್ಮೆ. ಅವನು ಕೇಳಿದ್ದು ಕೊಪ್ಪಳದಲ್ಲಿ ಬಿಸಿಲು ಹೇಗಿದೆ ಎಂದು. ಅಕ್ಕ ಫೋನ್ ಹಿಡಿದು ಕೋಣೆಗೆ ಹೋದರೆ ಚಿತ್ರ ನಿಂತುಬಿಡುತ್ತಿತ್ತು. ಅವನ ಕೈ ಗಾಳಿಯಲ್ಲಿ, ಮಾತು ಅರ್ಧದಲ್ಲಿ.

ಒಂದು ಭಾನುವಾರ ಅವಳು ಅಟ್ಟದಿಂದ ಹಳೆಯ ಮೋಡೆಮ್ ಇಳಿಸಿದಳು. ಕಸ್ಟಮರ್ ಕೇರ್‌ಗೆ ಫೋನ್ ಮಾಡಲೇ ಎಂದು ಕೇಳಿದೆ. "ಅದು ಕಿವಿ ಇದ್ದವರಿಗೆ, ನಾನು ಓದಿಕೊಳ್ಳುತ್ತೇನೆ" ಎಂದು ಸನ್ನೆ ಮಾಡಿದಳು. ಮೊದಲ ಸಲ ಅದನ್ನೂ ಹೊಸ ರೌಟರನ್ನೂ ತಂತಿಯಿಂದ ಜೋಡಿಸಿದ್ದೇ ತಡ, ಇಡೀ ಮನೆಯ ನೆಟ್ ಹೋಯಿತು. "ಏನ್ ಮಾಡಿದೆವ್ವಾ, ನನ್ನ ಧಾರಾವಾಹಿ ನಿಂತತಿ!" ಎಂದು ಅತ್ತೆ ಕೂಗಿದರು, ಕೇಳಿಸದವಳ ಮೇಲೆ. ಎರಡೂ ಪೆಟ್ಟಿಗೆಗಳು ತಾವೇ ಯಜಮಾನರೆಂದು ಒಂದೇ ವಿಳಾಸ ಹೇಳಿಕೊಂಡು ಕೂತಿದ್ದವಂತೆ. ಅಕ್ಕ ಮೊಬೈಲಿನಲ್ಲಿ ಹುಡುಕಿ ಓದಿದಳು, ಹಿಂಬದಿಯ ಸಣ್ಣ ತೂತಿನಲ್ಲಿ ಹೇರ್‌ಪಿನ್ನಿನಿಂದ ಒತ್ತಿ ಹಳೆಯದರ ನೆನಪನ್ನೆಲ್ಲ ಅಳಿಸಿದಳು, ಅದಕ್ಕೆ ಬೇರೆ ವಿಳಾಸ ಕೊಟ್ಟಳು, ಯಜಮಾನಿಕೆ ಕಿತ್ತುಕೊಂಡಳು. ಇನ್ನು ಅದು ಹೊಸ ರೌಟರ್ ಕೊಟ್ಟದ್ದನ್ನು ಹಿಂದಿನ ಕೋಣೆಯಲ್ಲಿ ಹಂಚಿದರೆ ಸಾಕು. ಜಂತಿಯ ಗುಂಟ ಉದ್ದಕ್ಕೆ ತಂತಿ ಎಳೆದಳು. ನಾನು ಸ್ಟೂಲು ಹಿಡಿದುಕೊಂಡೆ; ನನ್ನ ಕೊಡುಗೆ ಅಷ್ಟು.

ಹಸಿರು ದೀಪ ಹತ್ತಿತು. ಅಕ್ಕ ನಮ್ಮೆಲ್ಲರ ಮುಖ ನೋಡಿ, ನಕ್ಕು, ಬಾಗಿಲು ಹಾಕಿಕೊಂಡಳು.

ಕೆಲವು ದಿನಗಳ ಮೇಲೆ ಹೊರಗೆ ಬಂದು ಅಪ್ಪನ ಎದುರು ನಿಂತಳು. ಅವಳ ಕೈ ನೋಡಿ ನಾನು ಹೇಳಿದೆ: "ಆ ಹುಡುಗ ಬ್ಯಾಡ ಅಂತ."

"ಯಾಕಂತ?" ಎಂದರು ಅಪ್ಪ.

"ಲಗ್ನ ಆದ್ಮ್ಯಾಲೆ ನಾ ಕೆಲಸಕ್ಕ ಹೋಗಬೇಕಂದ್ರ ಹೋಗ್ಲೇನು ಅಂತ ಕೇಳಿದ್ಲಂತ. ಅಪ್ಪನ್ನ ಕೇಳಿ ಹೇಳ್ತೀನಿ ಅಂದ್ನಂತ. ನಿನಗ ಏನ್ ಅನಸ್ತೈತಿ ಅಂತ ಕೇಳಿದ್ಲಂತ. ಅದನ್ನೂ ಅಪ್ಪನ್ನ ಕೇಳಿ ಹೇಳ್ತೀನಿ ಅಂದ್ನಂತ."

"ಹಾಲ್‌ನಾಗ ಕುಂತಾಗ ನಕ್ಕೋತ ಇದ್ಲಲ್ಲ!" ಎಂದು ಅತ್ತೆ ಸಿಡಿದರು. ನಾನು ಅದನ್ನು ಸನ್ನೆಯಲ್ಲಿ ಹೇಳಿದೆ. ಅಕ್ಕನ ಉತ್ತರ ಚಿಕ್ಕದು: "ಅದು ನಿಮಗಾಗಿ."

ಅಂಥ ಸಂಬಂಧ ಮತ್ತೆ ಸಿಕ್ಕೀತೆ ಎಂಬ ಅಂಜಿಕೆ ಅಪ್ಪನ ಮುಖದ ಮೇಲೇ ಇತ್ತು. ಆಮೇಲೆ ಗಂಗಾವತಿಗೆ ಫೋನ್ ಹಚ್ಚಿದರು. ಆ ಕಡೆಯವರು ಏನೋ ಕೇಳಿರಬೇಕು. ಅಪ್ಪ ಹೇಳಿದರು: "ಇಲ್ರಿ, ನಾವು ಅಂದದ್ದಲ್ರಿ. ನಮ್ಮ ಸವಿತಾ ಬ್ಯಾಡ ಅಂದಾಳ್ರಿ."

ಅಂದಾಳ. ನಮ್ಮ ಮನೆಯಲ್ಲಿ ಅವಳ ಹೆಸರಿನ ಮುಂದೆ ಆ ಪದ ಬಂದದ್ದನ್ನು ನಾನು ಅದೇ ಮೊದಲು ಕೇಳಿದ್ದು. ಅಕ್ಕನಿಗೆ ತಿಳಿಸಿದೆ. ಇನ್ನೊಮ್ಮೆ ಹೇಳು ಎಂದಳು. ಹೇಳಿದೆ. ಎದೆ ಉಬ್ಬಿತ್ತು, ಅವಳದೋ ನನ್ನದೋ, ಈಗ ನೆನಪಿಲ್ಲ.

ಈಗ ಆ ಕೋಣೆಯಿಂದ ಅವಳು ಸಂಜೆ ಪಾಠ ಮಾಡುತ್ತಾಳೆ. ಕುಷ್ಟಗಿ, ಅಳವಂಡಿ ಕಡೆಯ, ಕಿವಿ ಕೇಳದ ಮಕ್ಕಳ ತಾಯಿ-ತಂದೆಯರು ಪರದೆಯಲ್ಲಿ ಸಾಲಾಗಿ ಕೂತು ಸನ್ನೆ ಕಲಿಯುತ್ತಾರೆ. ಹೋದ ವಾರ ನಮ್ಮ ಅಮ್ಮನೂ ಫೋನ್ ಹಿಡಿದು ಅಡುಗೆಮನೆಯಿಂದಲೇ ಸೇರಿಕೊಂಡಳು. ಪಾಠ ಮುಗಿಸಿ ಬಂದು, "ಭಾಳ ಖಡಕ್ ಅದಾಳಪಾ ನಿಮ್ಮಕ್ಕ! ಕೈ ಹಿಂಗಲ್ಲ ಅಂತ ಎಲ್ಲಾರ ಮುಂದ ತಿದ್ದಿದ್ಲು" ಎಂದು ದೂರಿದಳು, ಮುಖದ ತುಂಬ ಹಿಗ್ಗು ಇಟ್ಟುಕೊಂಡು. ಹೊಸದಾಗಿ ಕಲಿತ ಸನ್ನೆಯೊಂದನ್ನು ನನಗೆ ತೋರಿಸಿದಳು. ನನಗೆ ಅರ್ಥವಾಗಲಿಲ್ಲ.

"ನಿನಗೂ ಬರೂದಿಲ್ಲೇನು? ನಾಳಿಂದ ನೀನೂ ಕುಂದ್ರು."

ಕೂತಿದ್ದೇನೆ. ಮೊದಲ ದಿನವೇ ನನ್ನ ಹೆಸರು ಹೇಳುವುದರಲ್ಲಿ ಎರಡು ತಪ್ಪು. ಎಲ್ಲರೂ ನೋಡುತ್ತಿದ್ದರು. ಅಕ್ಕ ಪರದೆಯಲ್ಲಿ ತಲೆಯಾಡಿಸಿ, ಮತ್ತೊಮ್ಮೆ ಹೇಳು ಎಂದಳು.