ಆರು ಗಂಟೆಯ ಹಸುವಿನ ಮಾತು

ಇನ್ನೂ ನಾಲ್ಕೂವರೆ. ಬಾಗೂರಿನಿಂದ ಆಚೆ, ಚಿಕ್ಕ ಊರೊಂದರಲ್ಲಿ ರೇವಮ್ಮ ಕಡ್ಡಿಪೊರಕೆ ಹಿಡಿದು ಮನೆಯ ಅಂಗಳ ಗುಡಿಸುತ್ತಿದ್ದಾರೆ. ಜಗಲಿಯ ಮೇಲೆ ಕೂತ ಮಗ ಚಂದ್ರಮೌಳಿಯೂ ಗುಡಿಸುತ್ತಿದ್ದಾರೆ, ಫೋನಿನಲ್ಲಿ. ನಿನ್ನೆ ಬೆಳಗಿನಿಂದ ಮಲಗುವವರೆಗೆ ಅರವತ್ತಮೂರು ಗಂಡಸರು ಒಂದು ಟೆಲಿಗ್ರಾಂ ಗುಂಪಿನಲ್ಲಿ ಆಡಿದ ಮಾತು, ಮಾಡಿದ ತಮಾಷೆ, ತೋಡಿಕೊಂಡ ಸಂಕಟ ಎಲ್ಲದಕ್ಕೂ ಗುರುತು ಹಾಕಿ ಎಲ್ಲರ ಫೋನಿನಿಂದಲೂ ಅಳಿಸುತ್ತಾರೆ. ದಿನಕ್ಕೆ ಇನ್ನೂರೈವತ್ತರಿಂದ ಮುನ್ನೂರು ಸಂದೇಶ. ಕನ್ನಡಕ ಮೂಗಿನ ತುದಿಗೆ ಜಾರಿದೆ. ಯಾವುದೋ ಒಂದನ್ನು ಅಳಿಸುವ ಮುಂಚೆ ಇನ್ನೊಮ್ಮೆ ಓದಿ ಕಿಸಕ್ಕನೆ ನಗುತ್ತಾರೆ.

"ಅವ್ವಂದು ಅಂಗ್ಳ, ನಂದು ಗುಂಪು ಸಾ. ಇಬ್ರುದೂ ಬೆಳಕರಿಯೋದ್ರೊಳ್ಗೆ ಮುಗೀಬೇಕು" ಎನ್ನುತ್ತಾರೆ.

ಅಳಿಸದೆ ಉಳಿಸುವುದು ಒಂದೇ ಒಂದನ್ನು: ಹಸುವಿನ ಮಾತು. ಕರುವಿಗೆ ಗಿಣ್ಣುಹಾಲು ಎಷ್ಟು ಹೊತ್ತಿನೊಳಗೆ ಕುಡಿಸಬೇಕು, ಮಳೆಗಾಲದಲ್ಲಿ ಗೊರಸು ಹೇಗೆ ನೋಡಿಕೊಳ್ಳಬೇಕು, ಹೊಟ್ಟೆ ಉಬ್ಬರಿಸಿದರೆ ಮೊದಲು ಏನು ಮಾಡಬೇಕು, ಹೀಗೆ ದಿನಕ್ಕೊಂದು. ಬೆಳಿಗ್ಗೆ ಆರಕ್ಕೆ ಸರಿಯಾಗಿ ಅದು ಗುಂಪಿಗೆ ಬೀಳುತ್ತದೆ. ಬೆಳಗಿನ ಹೊತ್ತು ಯಾರ ಅಪ್ಪ, ಯಾರ ಅತ್ತಿಗೆ ಫೋನು ತೆಗೆದು ನೋಡಿದರೂ ಕಾಣುವುದು 'ಹಸು ಕರು ಆರೈಕೆ' ಎಂಬ ಹೆಸರು, ಅದರಡಿ ಸಾಲುಗಟ್ಟಿದ ಹಸುಗಳು. ಆ ಗುಂಪಿನಲ್ಲಿರುವವರೆಲ್ಲ ಗಂಡಸರನ್ನೇ ಪ್ರೀತಿಸುವ ಗಂಡಸರು ಎಂದು ಯಾರಿಗೂ ಹೊಳೆಯುವುದಿಲ್ಲ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ನಾಲ್ಕೂ ಕಡೆಯವರು ಅದರಲ್ಲಿದ್ದಾರೆ.

ನಲವತ್ತೈದರ ಚಂದ್ರಮೌಳಿ ಊರಿನ ಹಾಲಿನ ಡೇರಿಯಲ್ಲಿ ಹತ್ತೊಂಬತ್ತು ವರ್ಷದಿಂದ ಹಾಲು ಪರೀಕ್ಷೆ ಮಾಡುತ್ತಾರೆ. ಐದೂವರೆಗೆ ಬಾಗಿಲು ತೆಗೆದರೆ ಎಂಟೂವರೆಯೊಳಗೆ ನೂರಹದಿನೆಂಟು ಮನೆಯ ಹಾಲು ಅವರ ಕೈ ದಾಟಬೇಕು. ಕ್ಯಾನು ಎತ್ತಿ, ಹಾಲು ಕಲಕಿ, ಸ್ಯಾಂಪಲ್ ತೆಗೆದು, ಫ್ಯಾಟು ನೋಡುವಷ್ಟರಲ್ಲಿ ಬಂದವರ ಹಸುವಿನ ಕಷ್ಟವನ್ನೂ ಕೇಳಿಸಿಕೊಳ್ಳುತ್ತಾರೆ. ವಾರಕ್ಕೊಮ್ಮೆ ಬರುವ ಪಶುವೈದ್ಯರ ಬೆನ್ನಿಗೆ ಬಿದ್ದು ಕೇಳಿ ಕಲಿತದ್ದು ಒಂದು ನೋಟ್‌ಬುಕ್ಕಿನ ತುಂಬ ಇದೆ. ತಾವು ಡಾಕ್ಟರಲ್ಲ ಎಂದು ಎಷ್ಟು ಸಲ ಹೇಳಿದರೂ ಗುಂಪಿನವರು ಅವರನ್ನು ಕರೆಯುವುದು 'ಡಾಕ್ಟ್ರಮ್ಮ' ಎಂದೇ. ಬಿರುದು ಕೊಟ್ಟವರು ಚನ್ನರಾಯಪಟ್ಟಣದಲ್ಲಿ ಟೈಲರ್ ಆಗಿರುವ ಮೋಹನ್‌ಕುಮಾರ್.

ಗುಂಪು ಶುರುವಾದದ್ದು ಒಂಬತ್ತು ವರ್ಷದ ಹಿಂದೆ, ನಾಲ್ಕು ಜನರಿಂದ. ಆಗ ಅದರ ಹೆಸರು 'ಗೆಳೆಯರು'. ಒಬ್ಬನ ಅತ್ತಿಗೆ "ಯಾವ ಗೆಳೆಯರು? ಒಬ್ರೂ ಮನೇಗೇ ಬಂದಿಲ್ವಲ್ಲ?" ಎಂದು ಕೇಳಿದ ದಿನವೇ ಹೆಸರು ಬದಲಾಯಿತು. ಹಸು ಸಾಕುವವರನ್ನು ಯಾರೂ ಯಾಕೆಂದು ಕೇಳುವುದಿಲ್ಲ. ಆದರೆ ಒಂದು ತಿಂಗಳಾಗಿರಲಿಲ್ಲ, ಇನ್ನೊಬ್ಬನ ಅಪ್ಪ ಮಗನ ಕೈಲಿ ಕೇಳಿಸಿಯೇಬಿಟ್ಟರು: "ನಮ್ಮ ಹಸ ಮೇವು ಮುಟ್ತಿಲ್ಲ, ಆ ಗ್ರೂಪಲ್ಲಿ ಕೇಳ್ಲಾ." ಚಂದ್ರಮೌಳಿ ಉತ್ತರ ಕೊಟ್ಟರು, ಹಸು ಮೇವು ತಿಂದಿತು. ಅಂದಿನಿಂದ ಈ ಕೆಲಸ ಕೊರಳಿಗೆ ಬಿತ್ತು.

ಹಸುವಿನ ಮಾತು ಮುಗಿದ ಮೇಲೆ ಶುರುವಾಗುವುದು ಬೇರೆಯೇ ಲೋಕ. ಡೇಟಿಂಗ್ ಆ್ಯಪಿಗೆ ಮುಖ ಕಾಣದ ಫೋಟೊ ಹಾಕಿದ್ದ ಒಬ್ಬ, ಹಿಂದಿನ ಗೋಡೆಯ ಕ್ಯಾಲೆಂಡರಿನಿಂದ ಸಿಕ್ಕಿಬಿದ್ದ. ಹೊಳೆನರಸೀಪುರದ ಯಾವ ಅಂಗಡಿಯ ಕ್ಯಾಲೆಂಡರು, ಅದನ್ನು ಯಾವ ಬೀದಿಯ ಮನೆಗಳಿಗೆ ಹಂಚುತ್ತಾರೆ ಎಂಬುದನ್ನೆಲ್ಲ ಗುಂಪಿನವರು ಅರ್ಧ ಗಂಟೆಯಲ್ಲಿ ಪತ್ತೆಹಚ್ಚಿದ್ದರು. "ಫೋಟೊ ತೆಗ್ಯೋ ಮುಂಚೆ ಗೋಡೆ ನೋಡ್ರಲಾ" ಎಂಬುದು ಅಂದಿನಿಂದ ಗುಂಪಿನ ಕಟ್ಟಳೆ. ಸಲಿಂಗ ಪ್ರೇಮ ಅಪರಾಧವಲ್ಲ ಎಂದು ದೊಡ್ಡ ಕೋರ್ಟು ಹೇಳಿದ ದಿನ ಎಲ್ಲರೂ ಹೋಳಿಗೆಯ ಚಿತ್ರ ಕಳಿಸುತ್ತಿದ್ದರೆ, ಮೋಹನ್‌ಕುಮಾರ್ ಬರೆದದ್ದು ಒಂದೇ ಸಾಲು: "ಕೋರ್ಟೇನೋ ಒಪ್ಕಂತು, ನಮ್ಮವ್ವ ಒಪ್ಕಬೇಕಲ್ಲ."

ನಗುವಿನ ನಡುನಡುವೆ ಕೆಲಸವೂ ಸಾಗುತ್ತದೆ. ಹಾಸನದ ರೂಮಿನಲ್ಲಿ ಜ್ವರ ಬಂದು ಮಲಗಿದವನಿಗೆ ಯಾರೋ ಗಂಜಿ ಒಯ್ಯುತ್ತಾರೆ. ರಕ್ತ ಪರೀಕ್ಷೆಗೆ ಹೆದರಿದವನ ಜೊತೆ ಇನ್ಯಾರೋ ಆಸ್ಪತ್ರೆಗೆ ಹೋಗಿ ಕೂರುತ್ತಾರೆ. ಫೋಟೊ ಇಟ್ಟುಕೊಂಡು ಬೆದರಿಸುವವರು ಸಿಕ್ಕರೆ, ಒಬ್ಬನೇ ನರಳದೆ ಕೂಡಲೇ ಗುಂಪಿಗೆ ಹೇಳಬೇಕು. ಇವರ ಹಬ್ಬವೆಂದರೆ ಆಷಾಢ. "ಆ ತಿಂಗ್ಳು ಎಣ್ ನೋಡೋಕೆ ಯಾರೂ ಕರ್ಕಂಡೋಗಲ್ಲ. ನಮ್ಗೆ ಅದೇ ರಜ ಸಾ" ಎಂದು ಚಂದ್ರಮೌಳಿ ನಗುತ್ತಾರೆ. ಆಷಾಢದ ಒಂದು ಭಾನುವಾರ ಹೇಮಾವತಿ ದಂಡೆಯಲ್ಲಿ ಇಪ್ಪತ್ತು ಮೂವತ್ತು ಜನ ಸೇರಿ ಉಣ್ಣುತ್ತಾರೆ. ಮುದ್ದೆ ಎಲ್ಲರಿಗೂ ಒಂದೇ. ಸಾರಿಗೆ ಮಾತ್ರ ಎರಡು ಪಾತ್ರೆ, ಕೋಳಿಯದೊಂದು, ಸೊಪ್ಪಿನದೊಂದು. ಸೌಟು ಅದಲುಬದಲಾದರೆ ವರ್ಷವಿಡೀ ಜಗಳ.

ಶ್ರಾವಣ ಬಂತೆಂದರೆ ಗುಂಪಿನಲ್ಲಿ ನಗು ಕಡಿಮೆಯಾಗುತ್ತದೆ. ಹೆಣ್ಣು ನೋಡುವ ಕಾಲ. ಇಲ್ಲಿ ಚಂದ್ರಮೌಳಿ ಬಲು ಕಟ್ಟುನಿಟ್ಟು. ಬೇಡವೆಂದು ಹೇಳುವ ಧೈರ್ಯ ಎಲ್ಲರಿಗೂ ಇರುವುದಿಲ್ಲ, ಅದು ಅವರಿಗೆ ಗೊತ್ತು. ಆದರೆ ಹುಡುಗಿಯ ಬಣ್ಣ, ಎತ್ತರ, ಜಾತಕ ಅಂತ ನೆಪ ಹೇಳಿ ತಪ್ಪಿಸಿಕೊಂಡರೆ ಅವರು ಸುಮ್ಮನಿರುವುದಿಲ್ಲ. ಇಪ್ಪತ್ತೇಳರಲ್ಲಿ ಅವರೇ ಹಾಗೆ ಮಾಡಿದ್ದರು. "ಜಾತ್ಕ ಕೂಡ್ಲಿಲ್ಲ ಅಂದ್ಬುಟ್ಟೆ. ದೋಸ ಐತಂತೆ ಅಂತ ಊರೆಲ್ಲ ಆಡ್ಕಂಡ್ರು. ಆ ಎಣ್ಮಗೀಗೆ ನಾಕ್ ವರ್ಸ ಮದ್ವೆ ಆಗ್ಲಿಲ್ಲ ಸಾ. ನನ್ನ ಉಳಿಸ್ಕಳೋಕೆ ಅವ್ಳ ಮೇಲೆ ಆಕ್ದೆ." ಇದನ್ನು ಹೇಳುವಾಗ ಅವರು ಎದುರಿಗಿದ್ದವರ ಮುಖ ನೋಡುವುದಿಲ್ಲ.

ಈ ಶ್ರಾವಣದಲ್ಲಿ ಸಂಕಟ ಬಂದದ್ದು ಶಶಿಕಿರಣ್‌ಗೆ. ಸಾಲಗಾಮೆ ಕಡೆಯ ಇಪ್ಪತ್ತೊಂಬತ್ತರ ಈತ ಹಾಸನದ ಟೈಲ್ಸ್ ಅಂಗಡಿಯಲ್ಲಿ ಬಿಲ್ಲು ಬರೆಯುತ್ತಾನೆ. ಅಪ್ಪ ನಂಜಯ್ಯ ಅರಕಲಗೂಡಿನಲ್ಲಿ ಹೆಣ್ಣು ತೋರಿಸಿಕೊಂಡು ಬಂದಿದ್ದರು, ಆ ಕಡೆಯವರೂ ಒಪ್ಪಿದ್ದರು. ಏನು ಮಾಡಲಿ ಎಂದು ಆತ ಗುಂಪಿನಲ್ಲಿ ಕೇಳಿದ. ಚಂದ್ರಮೌಳಿ ಉದ್ದಕ್ಕೆ ಬರೆದರು: "ನಿನಗೆ ಗಂಡಸರು ಇಷ್ಟ, ಅದು ರೋಗ ಅಲ್ಲ ಶಶಿ. ಅದನ್ನು ಮುಚ್ಚಿಟ್ಟು ಆ ಹುಡುಗಿ ಬಾಳು ಹಾಳು ಮಾಡಿದರೆ ಮಾತ್ರ ಪಾಪ. ಅವಳ ಮೇಲೆ ಒಂದು ಮಾತೂ ಬರಬಾರದು. ನಿಮ್ಮ ಹುಡುಗಿಗೆ ಏನೂ ಕಡಿಮೆ ಇಲ್ಲ, ತಪ್ಪು ನಮ್ಮ ಕಡೆಯದು ಅಂತ ಹೇಳಿ ಕೈ ಮುಗಿ."

ಮರುದಿನ ಬೆಳಿಗ್ಗೆ ಕರೆಂಟು ಇರಲಿಲ್ಲ, ಡೇರಿಯಲ್ಲಿ ಜನರೇಟರ್ ಹಾಕಲು ಬೇಗ ಹೋಗಬೇಕಿತ್ತು. ಆತುರದಲ್ಲಿ ಗುಡಿಸುತ್ತಿದ್ದ ಚಂದ್ರಮೌಳಿ ಹಿಂದಿನ ದಿನದ ಹಸುವಿನ ಮಾತಿಗೆ ಗುರುತು ಹಾಕಿ ಅಳಿಸಿದರು, ಶಶಿಗೆ ಬರೆದದ್ದನ್ನು ಉಳಿಸಿದರು. ಡೇರಿಯಲ್ಲಿ ಇನ್ನೂ ಹಾಲು ಅಳೆಯುತ್ತಿರುವಾಗ ಮೋಹನ್‌ಕುಮಾರ್ ಫೋನು ಮಾಡಿ "ಡಾಕ್ಟ್ರಮ್ಮ, ಮೊದ್ಲು ಗ್ರೂಪ್ ನೋಡು" ಎಂದರು. ಚಂದ್ರಮೌಳಿ ಕೂಡಲೇ ಅಳಿಸಿದರು. ಅಷ್ಟರಲ್ಲಿ ಹೊತ್ತು ಮೀರಿತ್ತು. ಮೂರು ವರ್ಷದಿಂದ ಮಗನ ಫೋನಿನಲ್ಲಿ ದಿನಾ ಹಸುವಿನ ಮಾತು ಓದುವ ನಂಜಯ್ಯ ಅಂದೂ ಓದಿದ್ದರು. "ಅಪ್ಪ ಫೋನ್ ಜಗ್ಲಿ ಮೇಲಿಟ್ಟು ಆಲ್ ಕರ್ಯೋಕೆ ಎದ್ದೋದ್ರು" ಎಂದು ಶಶಿಕಿರಣ್ ತಿಳಿಸಿದ.

ನಾಲ್ಕು ದಿನ ಸುದ್ದಿಯಿಲ್ಲ. ಒಂಬತ್ತು ವರ್ಷ ಯಾರೊಬ್ಬರ ಗುಟ್ಟೂ ಈ ಗುಂಪಿನಿಂದ ಹೊರಗೆ ಹೋಗಿರಲಿಲ್ಲ. ಈಗ ತಮ್ಮ ಬೆರಳಿನಿಂದಲೇ ಒಬ್ಬನ ಮನೆ ಮುರಿಯಿತೇನೋ ಎಂದು ಚಂದ್ರಮೌಳಿಗೆ ಅನ್ನ ಸೇರಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಡೇರಿಯಲ್ಲಿ ಒಬ್ಬರ ಸ್ಯಾಂಪಲ್ ಇನ್ನೊಬ್ಬರದಕ್ಕೆ ಸೇರಿಸಿ ಬೈಸಿಕೊಂಡರು. ಗುಂಪು ಮುಚ್ಚುತ್ತೇನೆ, ಕ್ಷಮಿಸಿ ಎಂದು ಬರೆದೂ ಇಟ್ಟುಕೊಂಡರು. ಕಳಿಸಲು ಮಾತ್ರ ಕೈ ಬರಲಿಲ್ಲ. "ಇದ್ನೂ ಮುಚ್ಬುಟ್ರೆ ಈ ಐಕ್ಳು ಯಾರತ್ರ ಏಳ್ಕಂತವೆ ಅನ್ನಿಸ್ತು" ಎನ್ನುತ್ತಾರೆ. ಮಗ ತಟ್ಟೆ ಬಿಟ್ಟು ಏಳುವುದನ್ನು ರೇವಮ್ಮ ನೋಡುತ್ತಿದ್ದರು, ಕೇಳಲಿಲ್ಲ. ಮಗನಿಗೆ ಹೆಣ್ಣು ಹುಡುಕುವುದನ್ನು ಅವರು ಎಷ್ಟೋ ವರ್ಷದ ಹಿಂದೆಯೇ ನಿಲ್ಲಿಸಿದ್ದಾರೆ. ಯಾಕೆಂದು ಇಬ್ಬರೂ ಮಾತಾಡಿಲ್ಲ.

ಐದನೆಯ ದಿನ, ಬೆಳಗಿನ ಹಾಲು ಮುಗಿಯುವ ಹೊತ್ತಿಗೆ ಬಸ್ಸಿಳಿದು ಬಂದ ಹಿರಿಯರೊಬ್ಬರು ಡೇರಿಯ ಬಾಗಿಲಲ್ಲಿ ನಿಂತರು. ಕೈಯಲ್ಲಿ ಕ್ಯಾನಿರಲಿಲ್ಲ.

"ಚಂದ್ರಮೌಳಿ ಅಂದ್ರೆ ನೀವೇಯಾ? ನಾನು ನಂಜಯ್ಯ, ಶಶಿಕಿರಣನ ಅಪ್ಪ. ಅವ್ನೇ ನಿಮ್ಮೂರ್ ಏಳ್ದ."

ಚಂದ್ರಮೌಳಿ ಕೈಲಿದ್ದ ಸ್ಯಾಂಪಲ್ ಬಾಟಲಿ ಕೆಳಗಿಟ್ಟರು. ಬೆಂಚು ಸರಿಸಿ ಕೂರಿಸಿದರು. ನಂಜಯ್ಯ ಮೊದಲು ಕೇಳಿದ್ದು ಹಸುವಿನ ವಿಚಾರ. ಈದು ಇಪ್ಪತ್ತು ದಿನವಾದ ಹಸುವಿಗೆ ಕೆಚ್ಚಲು ಬಾತಿದೆ, ಒಂದು ಮೊಲೆಯಲ್ಲಿ ಹಾಲು ಒಡೆದಂತೆ ಬರುತ್ತಿದೆ. ಆ ಮೊಲೆಯ ಹಾಲನ್ನು ಬೇರೆಯಾಗಿ ಪೂರ್ತಿ ಕರೆದು ಚೆಲ್ಲಬೇಕು, ಇವತ್ತೇ ಡಾಕ್ಟರಿಗೆ ತೋರಿಸಬೇಕು ಎಂದು ಚಂದ್ರಮೌಳಿ ಹೇಳಿದರು. ನಂಜಯ್ಯ ತಲೆಯಾಡಿಸಿ ಟವೆಲಿನಿಂದ ಮುಖ ಒರೆಸಿಕೊಂಡರು.

"ಅರಕಲಗೂಡ್ನೋರ್ಗೆ ನಾನೇ ಫೋನ್ ಮಾಡ್ದೆ. ನೀವ್ ಬರ್ದಿದ್ರಲ್ಲ, ಅಂಗೇ ಏಳ್ದೆ. ನಿಮ್ ಉಡ್ಗಿಗೆ ಏನೂ ಕಮ್ಮಿ ಇಲ್ಲ, ತಪ್ಪು ನಮ್ಮ ಕಡೇದು ಅಂತ. ಅನ್ನೋವಾಗ ನಾಲ್ಗೆ ತಡೀತು. ಯಾರ್ ತಪ್ಪು? ಅವಂದೂ ಅಲ್ಲ, ನಂದೂ ಅಲ್ಲ ಅನ್ನಿಸ್ತು. ಆದ್ರೂ ಏಳ್ದೆ."

ಚಂದ್ರಮೌಳಿ ಒಳಗಿನಿಂದ ಒಂದು ಲೋಟ ನೀರು ತಂದು ಕೊಟ್ಟರು.

"ನಂಗಿನ್ನೂ ಪೂರ್ತಿ ತಿಳ್ದಿಲ್ಲ ಕಣಪ್ಪ. ಅವ್ನವ್ವ ಇನ್ನೂ ಅಳ್ತಾವ್ಳೆ. ಆದ್ರೆ ಮೂರ್ ವರ್ಸ ನೀವ್ ಏಳ್ದಂಗೆ ಮಾಡಿವ್ನಿ, ನಮ್ ಕೊಟ್ಗೇಲಿ ಒಂದ್ ಕರೂನೂ ಸತ್ತಿಲ್ಲ. ದನದ್ ವಿಚಾರ್ದಲ್ಲಿ ಸುಳ್ ಏಳ್ದೆ ಇದ್ದೋನು ಮಗನ್ ವಿಚಾರ್ದಲ್ಲಿ ಏಳಾನಾ?" ಎಂದರು ನಂಜಯ್ಯ. ಏಳುವಾಗ ಜೇಬಿನಿಂದ ತಮ್ಮದೇ ಫೋನು ತೆಗೆದು ಚಂದ್ರಮೌಳಿಯ ಕೈಗಿಟ್ಟರು. "ಇದ್ರಲ್ಲಿ ನಿಮ್ ನಂಬರ್ ಆಕ್ಕೊಡಿ. ಅವನ್ ಫೋನ್ ಇನ್ ಮುಟ್ಟಲ್ಲ ನಾನು. ಹಸೀನ್ ಮಾತು ನಂಗೇ ಕಳ್ಸಿ, ಮಿಕ್ಕಿದ್ದು ನಿಮ್ನಿಮ್ಮೊಳ್ಗೇ ಇರ್ಲಿ."

ಇಲ್ಲಿರುವ ವ್ಯಕ್ತಿಗಳ ಹೆಸರೆಲ್ಲ ಬದಲಿಸಿದವು. ಗುಂಪಿನ ಹೆಸರನ್ನು ಈ ಲೇಖನ ಅಚ್ಚಿಗೆ ಹೋಗುವ ಮೊದಲೇ ಅವರೇ ಬದಲಿಸಿಕೊಂಡಿದ್ದಾರೆ. ಹೊಸದು ಯಾವುದೆಂದು ಮೂರು ದಿನ ಜಗಳವಾಡಿದರಂತೆ. ಮುಚ್ಚುತ್ತೇನೆಂದು ಬರೆದಿಟ್ಟ ಸಂದೇಶವನ್ನು ಚಂದ್ರಮೌಳಿ ಉಳಿದೆಲ್ಲದರ ಜೊತೆ ಗುಡಿಸಿ ಹಾಕಿದರು. ಈಗ ಗುಡಿಸುವುದಕ್ಕೆ ಕಾಲು ಗಂಟೆ ಮುಂಚೆಯೇ ಏಳುತ್ತಾರೆ, ಅಳಿಸುವ ಮುನ್ನ ಎರಡು ಸಲ ನೋಡುತ್ತಾರೆ.

ಡೇರಿಯ ಗೋಡೆ ಗಡಿಯಾರದಲ್ಲಿ ಆರು ಗಂಟೆ. ಕ್ಯಾನು ಹಿಡಿದವರ ಸಾಲು ಹೊರಗಿನವರೆಗೂ ಬೆಳೆದಿದೆ. ಚಂದ್ರಮೌಳಿ ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡು ಹಸುವಿನ ಮಾತನ್ನು ಒಂದು ಸಲ ಗುಂಪಿಗೆ ಕಳಿಸುತ್ತಾರೆ, ಇನ್ನೊಂದು ಸಲ ನಂಜಯ್ಯನವರಿಗೆ. ಇನ್ನೇನಾದರೂ ಆಸೆ ಉಂಟೇ ಎಂದು ಕೇಳಿದರೆ ಸ್ಯಾಂಪಲ್ ಬಾಟಲಿಯನ್ನು ಬೆಳಕಿಗೆ ಹಿಡಿದುಕೊಂಡೇ ಯೋಚಿಸುತ್ತಾರೆ.

"ದೊಡ್ಡಾಸೆ ಏನಿಲ್ಲ ಸಾ. ಇನ್ನೊಂದ್ ನಾಕ್ ಜನ ಅಪ್ಪಂದಿರ ನಂಬರ್ ಸಿಕ್ರೆ ಸಾಕು."